ನಾಲ್ಕನೇ ಚಾಪೆ

ಟೈಲರನ ಕಷ್ಟಕ್ಕೆಲ್ಲ ಮೂಲ ಒಂದು ಸಣ್ಣ ಸದ್ದು. ನಾಲಿಗೆಯನ್ನು ಹಲ್ಲಿನ ಹಿಂಭಾಗಕ್ಕೆ ಅಂಟಿಸಿ ಎಳೆದರೆ ಬರುತ್ತದಲ್ಲ, "ಚ್" ಅಂತ, ಅಷ್ಟೇ.

ಅದು ಅವನ ಮಾವನವರ ಸದ್ದು. ಮಾವನವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ಅಂಗಡಿಯ ತಕ್ಕಡಿ ಕೂದಲೆಳೆಯಷ್ಟು ವಾಲಿದರೂ "ಚ್" ಎನ್ನುತ್ತಿದ್ದರು. ಬೈಯುವ, ಬರೆದುಕೊಳ್ಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂಗಡಿಯವನ ಬೆನ್ನು ಅಷ್ಟಕ್ಕೇ ಒದ್ದೆಯಾಗುತ್ತಿತ್ತು. ಟೈಲರ್ ಅವರ ಮಗಳನ್ನು ಕೇಳಲು ಹೋದ ದಿನವೂ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಅವರು ಆಡಿದ್ದು ಅದೊಂದೇ ಮಾತು.

ಮಾವನವರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಸದ್ದು ಮಾತ್ರ ತೀರಿಕೊಂಡಿರಲಿಲ್ಲ. ಅದು ಅವರ ಬಂದೂಕಿನೊಳಗೆ ಮನೆ ಮಾಡಿಕೊಂಡಿತ್ತು.

ಅದು ಗುರಿ ಸ್ಪರ್ಧೆಗೆಂದೇ ಮಾಡಿದ ಸಣ್ಣ ಗುಂಡಿನ ರೈಫಲ್. ಮಾವನವರು ಮೂವತ್ತು ವರ್ಷ ಶೂಟಿಂಗ್ ಕ್ಲಬ್ಬಿನಲ್ಲಿ ಅದನ್ನು ಹೊಡೆದು, ಕಪಾಟಿನ ತುಂಬ ಕಪ್ ತುಂಬಿಸಿದ್ದರು. ಅವರು ಹೋದ ಮೇಲೆ ಅತ್ತೆ ಲೈಸೆನ್ಸನ್ನು ಅಳಿಯನ ಹೆಸರಿಗೆ ಮಾಡಿಸಿದರು. "ಆ ಬಂದೂಕು ಮೂಲೇಲಿ ಸುಮ್ಮನೆ ನಿಂತಿದ್ರೆ ನನಗೆ ಊಟ ಸೇರಲ್ಲ. ಪ್ರತಿ ಭಾನುವಾರ ನೀವೇ ಹೋಗಿ ಹೊಡೀರಿ" ಎಂದರು. ಟೈಲರನಿಗೆ ವಾರಕ್ಕೆ ಒಂದೇ ರಜೆ. ಆರು ದಿನ ಬೇರೆಯವರ ಸೊಂಟ ಅಳೆದವನಿಗೆ ಏಳನೇ ದಿನ ಹಾಸಿಗೆಯಲ್ಲಿ ತನ್ನ ಉದ್ದ ಅಳೆದುಕೊಂಡು ಬಿದ್ದಿರುವ ಆಸೆ. ಅವನು ಅತ್ತು ಕರೆದು ಕೇಳಿಕೊಂಡ ಮೇಲೆ ಅತ್ತೆ ಒಂದು ಒಪ್ಪಂದಕ್ಕೆ ಬಂದರು.

"ಆಯ್ತು. ಕ್ಲಬ್ಬಿನ ವಾರ್ಷಿಕ ಸ್ಪರ್ಧೆಯಲ್ಲಿ ನೂರಕ್ಕೆ ಎಂಬತ್ತು ತಗೊಂಡು ತೋರಿಸಿ. ಆ ಮನುಷ್ಯನ ಮರ್ಯಾದೆ ಉಳೀತು ಅಂದುಕೊಳ್ತೀನಿ. ಆಮೇಲೆ ಬಂದೂಕಿಗೆ ಎಣ್ಣೆ ಹಾಕಿ ಕಪಾಟಲ್ಲಿಡೋಣ. ನಿಮ್ಮ ಭಾನುವಾರ ನಿಮಗೆ."

ಇಷ್ಟು ತಿಂಗಳಲ್ಲಿ ಟೈಲರನ ಅತಿ ದೊಡ್ಡ ಸಾಧನೆ ಅರವತ್ತೊಂದು.

ತಪ್ಪು ಅವನ ಕಣ್ಣಿನದಲ್ಲ. ಅವನು ದಿನವಿಡೀ ಸೂಜಿಗೆ ದಾರ ಪೋಣಿಸುವವನು. ತಪ್ಪು ಚಾಸಿಯದು. ಮಾವನವರು ಬಂದೂಕನ್ನು ಮಾಮೂಲಿ ಸ್ಟಾಕಿನಿಂದ, ಅಂದರೆ ಹಿಡಿದು ಭುಜಕ್ಕಾನಿಸುವ ಮರದ ಮೈಯಿಂದ, ಬಿಡಿಸಿ ಅಲ್ಯೂಮಿನಿಯಂ ಚಾಸಿಗೆ ಕೂರಿಸಿದ್ದರು. ಲಾರಿಯ ಚಾಸಿಯ ಹಾಗೆ ಅದೂ ಬರೀ ಎಲುಬು. ಕೆನ್ನೆ ಒರಗಿಸುವ ಪಟ್ಟಿ ಮೇಲೆ ಕೆಳಗೆ ಸರಿಯುತ್ತದೆ, ಭುಜಕ್ಕೆ ಒತ್ತುವ ಭಾಗ ಹಿಂದೆ ಮುಂದೆ ಸರಿಯುತ್ತದೆ, ಪ್ರತಿಯೊಂದಕ್ಕೂ ಗೀಟು ಕೊರೆದಿರುತ್ತದೆ. ಎಲ್ಲವೂ ಮಾವನವರ ಮೂಳೆಯ ಅಳತೆಗೆ ನಿಂತಿದ್ದವು. ಅದರ ಮೇಲೆ ಕೆನ್ನೆಯಿಟ್ಟರೆ ಟೈಲರನಿಗೆ ಬೇರೆಯವರ ಕೋಟಿನ ತೋಳಿಗೆ ಕೈ ತೂರಿಸಿದಾಗ ಒಳಗೆ ಇನ್ನೊಂದು ಕೈ ತಗುಲಿದಂತಾಗುತ್ತಿತ್ತು.

ಅವನು ಕೆನ್ನೆಪಟ್ಟಿಯನ್ನು ಏಳನೇ ಗೀಟಿನಿಂದ ನಾಲ್ಕಕ್ಕೆ ಇಳಿಸಿಡುತ್ತಿದ್ದ. ಮುಂದಿನ ಭಾನುವಾರ ಚೀಲ ಬಿಚ್ಚಿದರೆ ಅದು ಏಳರಲ್ಲಿ ನಿಂತಿರುತ್ತಿತ್ತು. ಇಳಿಸಿದ, ಏರಿತು. ಮತ್ತೆ ಇಳಿಸಿದ, ಮತ್ತೆ ಏರಿತು. ಗುಂಡು ಗುರಿ ತಪ್ಪಿದಾಗಲೆಲ್ಲ, ಕಿವಿ ಮುಚ್ಚಿಕೊಂಡಿದ್ದರೂ, ಕೆನ್ನೆಯ ಮೂಳೆಯ ಮೂಲಕ ನೇರ ತಲೆಯೊಳಗೆ ಬರುತ್ತಿತ್ತು ಸದ್ದು: "ಚ್."

ಸ್ಪರ್ಧೆಯ ಭಾನುವಾರ ಬೆಳಕು ಹರಿಯುತ್ತಿದ್ದಂತೆ ಟೈಲರ್ ಬಂದೂಕಿನ ಚೀಲ ಹೆಗಲಿಗೇರಿಸಿ ಹೊರಟ.

"ಇದೇನ್ರೀ, ಸ್ಪರ್ಧೆ ಹತ್ತು ಗಂಟೆಗಲ್ವಾ?" ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತಳು.

"ಸ್ವಲ್ಪ ಮೇಸ್ತ್ರಿ ಹತ್ರ ತೋರಿಸ್ಕೊಂಡು ಹೋಗ್ತೀನಿ. ಕೆಮ್ಮುತ್ತೆ."

"ಯಾರು, ನೀವಾ?"

"ನಿಮ್ಮಪ್ಪ" ಎಂದು ಬಾಯಿಗೆ ಬಂತು. "ಬಂದೂಕು" ಎಂದು ಹೇಳಿ ಮೆಟ್ಟಿಲಿಳಿದ.

ಬೀದಿಯಲ್ಲಿ ಮಂಜು ಹತ್ತಿಯ ಹಾಗೆ ತುಂಬಿತ್ತು. ಹೆಜ್ಜೆ ಹಾಕಿದಾಗಲೆಲ್ಲ ಚೀಲ ಬೆನ್ನಿಗೆ ಮೆಲ್ಲಗೆ ತಟ್ಟುತ್ತಿತ್ತು, ಹಿಂದೆ ಬರುತ್ತಿರುವವರು ಏನೋ ಹೇಳಬೇಕೆಂದು ಭುಜ ಮುಟ್ಟಿದ ಹಾಗೆ. ಟೈಲರ್ ಎರಡು ಸಲ ತಿರುಗಿ ನೋಡಿದ. ಮೂರನೇ ಸಲ ನೋಡುವ ಧೈರ್ಯವಾಗಲಿಲ್ಲ.

ಬಂದೂಕಿನ ಮೇಸ್ತ್ರಿಯ ಅಂಗಡಿ ಒಂದು ಉದ್ದನೆಯ ಕತ್ತಲೆ ಕೋಣೆ. ಒಂದೇ ಒಂದು ಬಲ್ಬು, ಅದರ ಕೆಳಗೆ ಮೇಜು, ಮೇಜಿನ ಹಿಂದೆ ಮೇಸ್ತ್ರಿ. ಅವರು ಕಥೆಯನ್ನೆಲ್ಲ ಕೇಳಿ ಹೊಟ್ಟೆ ಕುಲುಕಿಸಿ ನಕ್ಕರು.

"ಟೈಲರ್ರೇ, ನಿಮ್ಮ ಮಾವ ಎಲ್ಲಿಗೋ ಹೋಗಿ ಆರಾಮಾಗಿದ್ದಾರೆ. ಇಲ್ಲಿ ನೋಡಿ, ಸದ್ದು ಮಾಡೋ ಕಳ್ಳ ಇವನು." ಚಿಮಟದಿಂದ ಕೆನ್ನೆಪಟ್ಟಿಯ ಕೆಳಗಿನಿಂದ ಅಕ್ಕಿಕಾಳಿನಷ್ಟು ಸ್ಪ್ರಿಂಗ್ ಕಿತ್ತು ಬೆಳಕಿಗೆ ಹಿಡಿದರು. "ಪಟ್ಟಿ ಕಚ್ಚಿಕೊಳ್ಳೋ ಕೊಂಡಿ ಇದರ ಮೇಲೆ ನಿಂತಿದೆ. ಸವೆದಿದೆ. ಗುಂಡು ಹಾರಿದ ಅದುರಾಟಕ್ಕೆ ಕೊಂಡಿ ಬಡಿಯುತ್ತೆ, ಚ್ ಅನ್ನುತ್ತೆ. ಹೊಸದು ಹಾಕಿದ್ರೆ ಮುಗೀತು."

"ಗುರಿ ತಪ್ಪಿದಾಗ ಮಾತ್ರ ಯಾಕೆ ಅನ್ನುತ್ತೆ?"

"ನೀವು ತಪ್ಪದೇ ಇರೋದು ಯಾವಾಗ?"

ಆದರೂ ಟೈಲರ್ ಹಟ ಹಿಡಿದ. ಈ ಎಲುಬೇ ಬೇಡ, ಎಲ್ಲರಿಗೂ ಇರುವಂಥ ಸಾದಾ ಸ್ಟಾಕ್ ಹಾಕಿಕೊಡಿ ಎಂದ. ಮೇಸ್ತ್ರಿ ಅಟ್ಟದಿಂದ ಒಂದು ಕಪ್ಪು ಪ್ಲಾಸ್ಟಿಕ್ ಸ್ಟಾಕ್ ಇಳಿಸಿದರು. ಅದರಲ್ಲಿ ಸರಿಸುವುದಿಲ್ಲ, ಏರಿಸುವುದಿಲ್ಲ, ಗೀಟು ಮೊದಲೇ ಇಲ್ಲ. ಯಾರ ಅಳತೆಗೂ ಹೊಲಿಯದ, ಆದ್ದರಿಂದ ಎಲ್ಲರಿಗೂ ಒಂದಿಷ್ಟು ಹೊಂದುವ ಸಂತೆ ಅಂಗಿಯಂಥದು. ಟೈಲರನಿಗೆ ನೋಡಿದ ಕೂಡಲೇ ಇಷ್ಟವಾಯಿತು.

ಮೇಸ್ತ್ರಿ ಗುಂಡಿನ ಮನೆ ಮುಚ್ಚುವ ಬೋಲ್ಟ್ ಎಳೆದು ಒಳಗೆ ಗುಂಡಿಲ್ಲವೆಂದು ಎರಡು ಸಲ ಇಣುಕಿದರು. ಚಾಸಿಯ ಹೊಟ್ಟೆಯಲ್ಲಿದ್ದ ಎರಡು ಸ್ಕ್ರೂ ಬಿಚ್ಚಿ, ನಳಿಕೆಯನ್ನೂ ಅದರ ಯಂತ್ರಭಾಗವನ್ನೂ ಒಟ್ಟಿಗೆ ಮೇಲೆತ್ತಿದರು. ಹತ್ತು ವರ್ಷ ಅಂಟಿಕೊಂಡಿದ್ದದ್ದು ನಿಟ್ಟುಸಿರಿನಂಥ ಸದ್ದು ಮಾಡಿ ಬಿಟ್ಟುಕೊಂಡಿತು. ಖಾಲಿ ಚಾಸಿಯನ್ನು ಪಕ್ಕದ ಸ್ಟೂಲಿನ ಮೇಲೆ ಗೋಡೆಗೆ ಒರಗಿಸಿಟ್ಟರು. ಅದು ಬೆನ್ನು ನೆಟ್ಟಗೆ ಮಾಡಿ ಕೂತು, ಮುಂದಿನ ಕೆಲಸವನ್ನೆಲ್ಲ ಗಮನವಿಟ್ಟು ನೋಡತೊಡಗಿತು.

ಹಳೆಯ ಸ್ಕ್ರೂ ಹೊಸ ಸ್ಟಾಕಿಗೆ ಉದ್ದವಾಯಿತು. ಮುಂದಿನದು ಒಳಗೆ ಹೋಗಿ ಬೋಲ್ಟಿಗೇ ತಡೆಯಿತು. ಮೇಸ್ತ್ರಿ ಡಬ್ಬಿಯೆಲ್ಲ ತಡಕಿ ಗಿಡ್ಡನೆಯ ಜೋಡಿ ಹುಡುಕಿದರು. ಆಮೇಲೆ ನಳಿಕೆ ಒಂದು ಪಕ್ಕದಲ್ಲಿ ಸ್ಟಾಕಿಗೆ ತಾಗುತ್ತಿತ್ತು. "ತಾಗಬಾರದು, ಗಾಳೀಲಿ ನಿಂತ ಹಾಗಿರಬೇಕು" ಎಂದು ಉಜ್ಜುಕಾಗದ ಹಿಡಿದು ಕೂತರು. ಕೊನೆಗೆ ನಳಿಕೆಗೂ ಸ್ಟಾಕಿಗೂ ನಡುವೆ ಒಂದು ಹಾಳೆಯನ್ನು ತುದಿಯಿಂದ ಬುಡದವರೆಗೆ ಎಳೆದರು, ಎಲ್ಲೂ ಸಿಕ್ಕಲಿಲ್ಲ. ಸ್ಕ್ರೂಗಳಿಗೆ ಅಳತೆಯ ಪಾನಾ ಹಾಕಿ ತಿರುಗಿಸಿದರು. ಬಿಗಿತ ಸರಿಯಾದ ಕೂಡಲೇ ಪಾನಾ "ಟಕ್" ಎಂದಿತು. ಟೈಲರ್ ಕುರ್ಚಿಯಿಂದ ಒಂದು ಗೇಣು ಮೇಲೆದ್ದ.

"ಅದು ಪಾನಾ ಮಾರಾಯ್ರೇ!" ಎಂದರು ಮೇಸ್ತ್ರಿ. "ಕೇಳಿ. ಚಾಸಿಯಿಂದ ಸ್ಟಾಕಿಗೆ ಬಂದ ಬಂದೂಕು ಹಳೇ ಜಾಗಕ್ಕೇ ಹೊಡೆಯಲ್ಲ. ಮೂರು ಗುಂಡು ಪರೀಕ್ಷೆಗೆ ಕೊಡ್ತಾರಲ್ಲ, ಅದನ್ನ ಹಾಳೆಯ ಮೂಲೇಲಿರೋ ಸಣ್ಣ ಚುಕ್ಕೆಗೆ ಹೊಡೆದು, ಎಲ್ಲಿ ಬೀಳುತ್ತೆ ನೋಡಿ ಬಂದೂಕಿನ ಮೇಲಿರೋ ದುರ್ಬೀನಿನ ತಿರುಪು ತಿರುಗಿಸಿಕೊಳ್ಳಿ. ಇನ್ನೊಂದು, ಇದರಲ್ಲಿ ಕೆನ್ನೆಗೆ ಎತ್ತರ ಸಾಲದು. ತಲೆ ಗಾಳೀಲಿ ತೇಲುತ್ತೆ."

"ಅದು ನನ್ನ ಕೆಲಸ" ಎಂದ ಟೈಲರ್ ಹೆಮ್ಮೆಯಿಂದ. ಜೇಬಿನಲ್ಲಿ ಸೂಜಿ ದಾರ ಇದ್ದೇ ಇತ್ತು. ಚೀಲದ ಅಸ್ತರಿನಿಂದ ಕ್ಯಾನ್ವಾಸ್ ಕತ್ತರಿಸಿ ಪದರ ಪದರ ಮಡಚಿ, ತನ್ನ ಕೆನ್ನೆಯ ಅಳತೆಯನ್ನು ತಾನೇ ತೆಗೆದುಕೊಂಡು, ಐದೇ ನಿಮಿಷದಲ್ಲಿ ಸ್ಟಾಕಿಗೊಂದು ಮೆತ್ತೆ ಹೊಲಿದು ತೊಡಿಸಿದ. ಊರಿಗೆಲ್ಲ ಅಳತೆ ತೆಗೆಯುವವನು ತನಗೆ ತಾನೇ ಟೇಪು ಹಿಡಿದಾಗ ಎಲ್ಲೋ ಅರ್ಧ ಇಂಚು ಜಾರುತ್ತದೆ. ಮೆತ್ತೆ ಒಂದು ಪಕ್ಕದಲ್ಲಿ ದಪ್ಪವಾಗಿತ್ತು. ಆತುರದಲ್ಲಿ ಅವನಿಗೆ ತಿಳಿಯಲಿಲ್ಲ.

"ಚಾಸಿ ಇಲ್ಲೇ ಇರಲಿ, ಸಂಜೆ ಒಯ್ತೀನಿ. ಅತ್ತೆಗೆ ಮಾತ್ರ ಹೇಳ್ಬೇಡಿ" ಎಂದು ಹೊರಟ. ಬಾಗಿಲು ದಾಟುವಾಗ ಸ್ಟೂಲಿನ ಕಡೆ ನೋಡಬಾರದೆಂದುಕೊಂಡು, ನೋಡಿದ. ಕೆನ್ನೆಪಟ್ಟಿ ಏಳನೇ ಗೀಟಿನಲ್ಲಿತ್ತು.

ಶೂಟಿಂಗ್ ಕ್ಲಬ್ ಎಂದರೆ ತಗಡಿನ ಮಾಡು, ಅದರಡಿ ಸಾಲಾಗಿ ಎಂಟು ಚಾಪೆ, ಐವತ್ತು ಮೀಟರ್ ಆಚೆ ಮಣ್ಣಿನ ದಿಬ್ಬಕ್ಕೆ ಆನಿಸಿದ ಎಂಟು ಚೌಕಟ್ಟು. ಮಂಜಿನಲ್ಲಿ ದಿಬ್ಬ ಕಾಣುತ್ತಿರಲಿಲ್ಲ. ಎಂಟು ಬಿಳಿ ಹಾಳೆ ಮಾತ್ರ ಗಾಳಿಯಲ್ಲಿ ತಾವೇ ನಿಂತಂತಿದ್ದವು. ಗೋಡೆಯ ಮೇಲಿನ ಹಲಗೆಯಲ್ಲಿ ಮಾವನವರ ಹೆಸರು ಹನ್ನೊಂದು ಕಡೆ ಇತ್ತು, ಹನ್ನೊಂದು ಕಡೆಯೂ ಮುಂದೆ ತೊಂಬತ್ತೊಂಬತ್ತು ಎಂದಿತ್ತು. ನೂರು ಅವರಿಗೆ ಒಲಿಯಲೇ ಇಲ್ಲ. ಆ ಒಂದು ಅಂಕಕ್ಕಾಗಿ ಕೊನೆಯವರೆಗೂ ನಿದ್ದೆಯಲ್ಲಿ "ಚ್" ಎನ್ನುತ್ತಿದ್ದರಂತೆ.

ಕಾರ್ಯದರ್ಶಿ ನಿಯಮ ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುವ ಮನುಷ್ಯ. "ಟೈಲರ್ರೇ, ನಿಮಗೆ ಐದನೇ ಚಾಪೆ. ನಾಲ್ಕು ಖಾಲಿ. ನಿಯಮ ಹದಿಮೂರು: ವರ್ಷದೊಳಗೆ ತೀರಿಕೊಂಡ ಸದಸ್ಯರ ಹೆಸರಿನಲ್ಲಿ ಅವರ ಚಾಪೆ ಹಾಸಿ, ಹೆಸರು ಬರೆದ ಹಾಳೆ ಕಟ್ಟಬೇಕು. ಕಟ್ಟಿದ್ದೇನೆ."

"ಒಳ್ಳೇದಾಯ್ತು, ಜೊತೆಗೆ ಜನ ಇದ್ದ ಹಾಗಾಯ್ತು" ಎಂದರು ಆರನೇ ಚಾಪೆಯ ಹಲ್ಲಿನ ಡಾಕ್ಟರು. ಅವರಿಗೆ ಎಲ್ಲರ ಬಾಯಿಗೂ ಕೈ ಹಾಕಿ ಅಭ್ಯಾಸ. "ಏನ್ರೀ ಇದು, ಬಂದೂಕಿಗೆ ದಿಂಬು ಹೊಲಿದಿದ್ದೀರಾ? ಹೊದಿಕೆ ಮರೆತ್ರಾ?"

ಟೈಲರ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಪರಿಚಯದ ದನಿ ಕೇಳಿತು. ತಿರುಗಿ ನೋಡಿದರೆ ಅತ್ತೆ! ಹೆಂಡತಿ ಅವರ ಕೈ ಹಿಡಿದುಕೊಂಡು ಬರುತ್ತಿದ್ದಳು. ಟೈಲರ್ ಕಪ್ಪು ಸ್ಟಾಕಿನ ಮೇಲೆ ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ ಕವುಚಿ ಬಿದ್ದ.

"ಅಮ್ಮ ಹಟ ಹಿಡಿದ್ರು ರೀ, ನೋಡಲೇಬೇಕಂತೆ" ಎಂದಳು ಹೆಂಡತಿ. "ಯಾಕೆ ಹಾಗೆ ಮಲಗಿದ್ದೀರಿ? ಹೊಟ್ಟೆ ನೋವಾ?"

"ಅಭ್ಯಾಸ."

"ಅವರ ಬಂದೂಕು ಎಲ್ಲಿ ಅಳಿಯಂದಿರೇ?" ಅತ್ತೆ ಕನ್ನಡಕ ಸರಿಮಾಡಿಕೊಂಡರು.

ಆಗಲೇ ಮೇಸ್ತ್ರಿ ಸೈಕಲ್ಲಿನಿಂದ ಇಳಿದರು. ತೋಳಿನಲ್ಲಿ ಮಗುವನ್ನು ಎತ್ತಿಕೊಂಡಂತೆ ಖಾಲಿ ಚಾಸಿ. ಟೈಲರನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದರು. "ತಪ್ಪು ತಿಳೀಬೇಡಿ. ಅಂಗಡೀಲಿ ಇದರ ಜೊತೆ ಒಬ್ಬನೇ ಕೂರೋಕೆ ನನಗಾಗ್ಲಿಲ್ಲ. ಯಾವ ಕೆಲಸ ಹಿಡಿದ್ರೂ ತಪ್ಪು ಮಾಡ್ತಿದ್ದೀನಿ ಅನ್ನಿಸ್ತಿತ್ತು."

"ಗುಂಡು ಹೊಡೆಯೋ ಗೆರೆಯ ಬಳಿ ವಸ್ತು ನೆಲದ ಮೇಲೆ ಇಡೋ ಹಾಗಿಲ್ಲ, ಚಾಪೆ ಮೇಲೇ ಇಡಿ, ನಿಯಮ ಆರು!" ಎಂದು ಕಾರ್ಯದರ್ಶಿ ಕೂಗಿದರು. ಖಾಲಿಯಿದ್ದದ್ದು ಒಂದೇ ಚಾಪೆ. ಮೇಸ್ತ್ರಿ ಚಾಸಿಯನ್ನು ನಾಲ್ಕನೇ ಚಾಪೆಯ ಮೇಲೆ ಮಲಗಿಸಿ ದೂರ ಸರಿದರು. ನಳಿಕೆಯಿಲ್ಲದ ಎಲುಬು ಮಂಜಿನಾಚೆಯ ನಾಲ್ಕನೇ ಹಾಳೆಗೆ ನೆಟ್ಟಗೆ ಮುಖ ಮಾಡಿತು.

ಟೈಲರ್ ಕಣ್ಣು ಮುಚ್ಚಿ ಬೈಗುಳಕ್ಕೆ ಕಾದ. ಆದರೆ ಅತ್ತೆಯ ದನಿ ತುಂಬಿ ಬಂದಿತ್ತು. "ಅವರ ಜಾಗದಲ್ಲಿ ಅವರದನ್ನ ಇಟ್ಟು, ತಾವು ಬೇರೆ ಹಾಕಿಸ್ಕೊಂಡಿದ್ದೀರಾ! ನಿಮಗೆ ಇಷ್ಟು ಬುದ್ಧಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ."

ಹೊಗಳಿಕೆಯೋ ಏನೋ, ಟೈಲರ್ ಅದನ್ನು ಹಾಗೆಂದೇ ತೆಗೆದುಕೊಂಡ.

ಕಾರ್ಯದರ್ಶಿ ಸೀಟಿ ಊದಿದರು. ಟೈಲರ್ ಕಿವಿ ಮುಚ್ಚಿಕೊಂಡು ಮೆತ್ತೆಯ ಮೇಲೆ ಕೆನ್ನೆಯಿಟ್ಟ. ದುರ್ಬೀನಿನಲ್ಲಿ ಅರ್ಧ ಚಂದ್ರ ಮಾತ್ರ ಕಂಡಿತು. ಮೆತ್ತೆ ಮುಖವನ್ನು ಆಚೆ ತಳ್ಳುತ್ತಿತ್ತು. ಮೈಯನ್ನು ಎಡಕ್ಕೆ ಚೂರು ಚೂರು ತಿರುಗಿಸಿದ. ಚಂದ್ರ ತುಂಬಿ ಹುಣ್ಣಿಮೆಯಾಯಿತು, ಅದರ ನಟ್ಟನಡುವೆ ಕಪ್ಪು ಗುರಿ ಬಂದು ಕೂತಿತು. ಚೌಕಟ್ಟುಗಳ ಮೇಲಿನ ನಂಬರು, ಹೆಸರುಗಳನ್ನು ಮಂಜು ನುಂಗಿತ್ತು. ನಂಬರು ಯಾರಿಗೆ ಬೇಕು? ಗುರಿ ಸಿಕ್ಕಿತಲ್ಲ!

ಪರೀಕ್ಷೆಯ ಮೂರು ಗುಂಡು ಮೂಲೆಯ ಚುಕ್ಕೆಗಿಂತ ಕೆಳಗೆ ಬಿದ್ದವು. ಮೇಸ್ತ್ರಿ ಹೇಳಿದಂತೆ ತಿರುಪು ತಿರುಗಿಸಿದ. ಆಮೇಲೆ ಹತ್ತು ಗುಂಡು, ಒಂದೊಂದೇ ತುಂಬಿ.

ಮೊದಲನೆಯದು ನಟ್ಟನಡುವೆ. ಟೈಲರ್ ಉಸಿರು ಬಿಗಿಹಿಡಿದು ಕಾದ. ಸದ್ದಿಲ್ಲ. ಎರಡನೆಯದೂ ಅದೇ ತೂತಿನ ಅಂಚಿಗೆ. ಸದ್ದಿಲ್ಲ. ನಾಲ್ಕನೆಯ ಹೊತ್ತಿಗೆ ಬೆರಳು ತನ್ನದಲ್ಲವೆನಿಸಿತು. ಟ್ರಿಗರ್ ಒತ್ತಬೇಕೆಂದು ಅವನು ಯೋಚಿಸುವ ಮೊದಲೇ ಅದು ಒತ್ತಿ ಆಗಿರುತ್ತಿತ್ತು. ಯಾರೋ ಪಕ್ಕದಲ್ಲಿ ಮಲಗಿ ತನ್ನ ಉಸಿರಿನ ಜೊತೆಗೇ ಉಸಿರಾಡುತ್ತಿರುವಂತೆ ಎಡ ಭುಜಕ್ಕೆ ತಣ್ಣನೆಯ ಗಾಳಿ ತಾಗುತ್ತಿತ್ತು. ಹೆದರಬೇಕಿತ್ತು. ಆದರೆ ಅವನ ಕಣ್ಣೆದುರು ಹಾಸಿಗೆ, ಎಳೆದ ಪರದೆ, ಹತ್ತು ಗಂಟೆಯವರೆಗಿನ ನಿದ್ದೆ ತೇಲುತ್ತಿದ್ದವು. ಹತ್ತನೆಯ ಗುಂಡೂ ಹೋಗಿ ಉಳಿದ ಒಂಬತ್ತರ ಜೊತೆ ಸೇರಿತು. ಅಂಗಿಯ ಗುಂಡಿಯೊಂದರಿಂದ ಮುಚ್ಚಬಹುದಾದಷ್ಟು ತೂತು!

ಟೈಲರ್ ಎದ್ದು ಕಿವಿಯ ಮುಚ್ಚಳ ತೆಗೆದು ಅತ್ತೆಯ ಕಡೆ ನೋಡಿ ನಕ್ಕ. ಮದುವೆಯಾದ ಮೇಲೆ ಆ ಮನೆಯವರನ್ನು ನೋಡಿ ಅಷ್ಟು ಧೈರ್ಯವಾಗಿ ನಕ್ಕದ್ದು ಅದೇ ಮೊದಲು.

ಕಾರ್ಯದರ್ಶಿ ಹಾಳೆಗಳನ್ನು ಬಿಚ್ಚಿ ತಂದರು. ಅವರ ಮುಖವೂ ಹಾಳೆಯ ಬಣ್ಣಕ್ಕೆ ತಿರುಗಿತ್ತು. ಮೊದಲು ಐದನೇ ಹಾಳೆಯನ್ನು ಎತ್ತಿ ತೋರಿಸಿದರು. ಈಗಷ್ಟೇ ಇಸ್ತ್ರಿ ಮಾಡಿದ ಬಿಳಿ ಅಂಗಿಯಂತೆ ಒಂದು ಕಲೆಯೂ ಇಲ್ಲ.

ಆಮೇಲೆ ನಾಲ್ಕನೆಯದನ್ನು ಎತ್ತಿದರು. ಮಾವನವರ ಹೆಸರಿನ ಕೆಳಗೆ, ನಟ್ಟನಡುವೆ, ಗುಂಡಿಯಷ್ಟು ತೂತು.

"ನೂರು" ಎಂದರು ಕಾರ್ಯದರ್ಶಿ. ತಗಡಿನ ಮಾಡಿನಡಿ ಯಾರೂ ಅಲುಗಲಿಲ್ಲ.

ಮೊದಲು ಚೇತರಿಸಿಕೊಂಡದ್ದು ಹಲ್ಲಿನ ಡಾಕ್ಟರು. "ಇದರಲ್ಲೇನಿದೆ? ಟೈಲರ್ರು ಪಕ್ಕದ ಹಾಳೆಗೆ ಹೊಡೆದಿದ್ದಾರೆ. ಮಂಜಲ್ಲಿ ಆಗುತ್ತೆ."

"ಅಡ್ಡಗುಂಡು, ಹೌದು" ಎಂದು ಕಾರ್ಯದರ್ಶಿ ಪುಸ್ತಕ ತೆರೆದರು. "ನಿಯಮ ಹದಿನಾಲ್ಕು: ಹಾಳೆಯ ಮೇಲೆ ಯಾರ ಹೆಸರಿದೆಯೋ ಅಂಕ ಅವರದು. ಅದಿರಲಿ. ಟೈಲರ್ರೇ, ನಿಮ್ಮ ಅತಿ ಹೆಚ್ಚಿನ ಅಂಕ ಎಷ್ಟು?"

"ಅರವತ್ತೊಂದು."

"ಹಾಗಾದ್ರೆ ಇದನ್ನ ಹೊಡೆದದ್ದು ಯಾರು?"

ಎಲ್ಲರೂ ನಾಲ್ಕನೇ ಚಾಪೆಯ ಕಡೆ ನೋಡಿದರು. ಈಗ ಹೇಳದಿದ್ದರೆ ಭಾನುವಾರ ಹೋಯಿತು. ಟೈಲರ್ ಎದೆ ಸೆಟೆಸಿ ಬಾಯಿ ತೆರೆದ. "ನೋಡಿ, ಆ ನೂರು ನನ್ನ..."

"ಚ್."

ಎಡಗಡೆಯಿಂದ. ಚಾಪೆಯ ಮೇಲಿನಿಂದ. ಸ್ಪಷ್ಟವಾಗಿ.

ಟೈಲರನ ಬಾಯಿ ತೆರೆದಂತೆಯೇ ನಿಂತಿತು. ಡಾಕ್ಟರು ಅಭ್ಯಾಸಬಲದಿಂದ ಅದರೊಳಗೆ ಒಮ್ಮೆ ಇಣುಕಿದರು. ಅತ್ತೆ ಮಾತ್ರ ತಲೆ ಓರೆ ಮಾಡಿ, ದೂರದ ಕೋಣೆಯಿಂದ ಯಾರೋ ಕರೆದಂತೆ ಮುಗುಳ್ನಕ್ಕರು. ಕಣ್ಣಿಂದ ನೀರಿಳಿಯುತ್ತಿತ್ತು.

"ನಿಮಗೂ ಕೇಳಿಸ್ತಾ ಅಳಿಯಂದಿರೇ? ಆ ಒಂದು ಅಂಕಕ್ಕೆ ಎಷ್ಟು ಕೊರಗಿದ್ರು! ನಾನು ಪ್ರತಿ ಶನಿವಾರ ಅದನ್ನ ಒರೆಸಿ, ಕೆನ್ನೆಪಟ್ಟಿ ಏಳಕ್ಕೇ ಏರಿಸಿಡ್ತಿದ್ದೆ. ಬಂದ್ರೆ ಅವರ ಅಳತೆ ತಪ್ಪಬಾರದಲ್ಲ? ಬಂದೇ ಬಿಟ್ರು."

ಕೆನ್ನೆಪಟ್ಟಿ ಏರುತ್ತಿದ್ದದ್ದು ಹೇಗೆಂದು ತಿಳಿದು ಟೈಲರನಿಗೆ ಅರ್ಧ ಜೀವ ಬಂತು. ಆದರೆ ಆ ಕಣ್ಣೀರಿನೆದುರು ನೂರನ್ನು ಕಿತ್ತುಕೊಳ್ಳುವುದು ಹೇಗೆ? ಬಾಯಿ ಮುಚ್ಚಿಕೊಂಡ. ಸ್ಪರ್ಧೆಯ ಕಪ್ಪನ್ನು ಅತ್ತೆಯ ಕೈಗೆ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು, ಸ್ವಲ್ಪ ಹಿಂದೆ ಸರಿದು ನಿಂತು.

"ಅಂದಹಾಗೆ, ನಿಮ್ಮದು ಎಷ್ಟು ಬಂತು?" ಅತ್ತೆ ಕೇಳಿದರು.

"ಸೊನ್ನೆ."

"ಎಂಬತ್ತಕ್ಕೆ ಇನ್ನೆಷ್ಟು ಬೇಕು?"

"ಎಂಬತ್ತು."

"ಪರವಾಗಿಲ್ಲ, ಮುಂದಿನ ವರ್ಷ ಇದೆ. ನಾಳೆನೇ ಬಂದೂಕನ್ನ ಹಳೇ ಚಾಸಿಗೆ ಹಾಕಿಸಿಬಿಡಿ. ಅವರಿಗೆ ಈಗ ತಾನೇ ಕೈ ಕುದುರಿದೆ."

"ಇನ್ನೊಂದು ವಿಷಯ ಟೈಲರ್ರೇ" ಎಂದು ಕಾರ್ಯದರ್ಶಿ ಹಾಳೆ ಮಗುಚಿದರು. "ನಿಯಮ ಇಪ್ಪತ್ತು. ಸ್ಪರ್ಧೆಯಲ್ಲಿ ಸೊನ್ನೆ ಬಂದವರು ವರ್ಷಪೂರ್ತಿ ಹೊಸಬರ ತರಗತಿಗೆ ಬರಬೇಕು. ಶನಿವಾರ, ಇಡೀ ದಿನ."

ಟೈಲರ್ ಒಂದು ಕೈಯಲ್ಲಿ ಬಂದೂಕು, ಇನ್ನೊಂದು ಕೈಯಲ್ಲಿ ಚಾಸಿ ಹಿಡಿದು ಗೇಟಿನ ಬಳಿ ಬಂದಾಗ ಮೇಸ್ತ್ರಿ ಸೈಕಲ್ ಹಿಡಿದು ನಿಂತಿದ್ದರು. ಟೈಲರನಿಗೆ ಅವರ ಮೇಲಿನ ಸಿಟ್ಟೆಲ್ಲ ಒಟ್ಟಿಗೆ ಬಂತು.

"ನಿಮ್ಮ ಹಾಳು ಸ್ಪ್ರಿಂಗಿನಿಂದ ನನ್ನ ಶನಿವಾರವೂ ಹೋಯ್ತು! ಸರಿಯಾಗಿ ನಾನು ಬಾಯಿ ತೆರೆಯೋ ಹೊತ್ತಿಗೇ ಬಡೀಬೇಕಿತ್ತಾ ಅದು?"

ಮೇಸ್ತ್ರಿ ಅಂಗಿಯ ಜೇಬಿಗೆ ಎರಡು ಬೆರಳು ಹಾಕಿ, ಅಕ್ಕಿಕಾಳಿನಷ್ಟು ಏನನ್ನೋ ತೆಗೆದು ಅಂಗೈಯ ಮೇಲಿಟ್ಟು ತೋರಿಸಿದರು.

"ಬೆಳಿಗ್ಗೆ ಕಿತ್ತದ್ದು ಇದು, ಹೊಸದು ಹಾಕೋಕೆ ಮರೆತೆ ಟೈಲರ್ರೇ. ಆಗಿನಿಂದ ಇಲ್ಲೇ ಇದೆ. ಇದಿಲ್ಲದೆ ಆ ಕೊಂಡಿ ಬಡಿಯೋ ಹಾಗೇ ಇಲ್ಲ."

ಟೈಲರ್ ತನ್ನ ಎಡಗೈಯಲ್ಲಿದ್ದ ಚಾಸಿಯನ್ನು ನೋಡಿದ. ಬಂದೂಕನ್ನು ಕಂಕುಳಲ್ಲಿ ಇರುಕಿಸಿಕೊಂಡು, ಚಾಸಿಯನ್ನು ಮೆಲ್ಲಗೆ, ಎಲ್ಲೂ ತಗುಲದಂತೆ, ಎರಡೂ ಕೈಯಿಂದ ನೆಟ್ಟಗೆ ಹಿಡಿದುಕೊಂಡ. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, ಎಲ್ಲರಿಗೂ, ಚಾಸಿಗೂ ಕೇಳುವಂತೆ ಗಟ್ಟಿಯಾಗಿ ಕೂಗಿದ:

"ಸಾರ್, ಶನಿವಾರ ತರಗತಿ ಎಷ್ಟು ಗಂಟೆಗೆ?"